ಬೋರ್ಡಿನ ಹೆಸರಿಗೆ ಕಾವಲಿದೆ, ಬೆವರಿನ ಹೆಸರಿಗೆ?

ಕಾಚಿಗೂಡದ ಸ್ಟೇಷನ್ ಸುತ್ತಮುತ್ತ ಒಲೆಯ ಮುಂದೆ ಬೇಯುತ್ತಿರುವ ಬಂಧುಗಳೇ,

ಹೊಟೆಲಿನ ಬೋರ್ಡಿನ ಮೇಲಿನ ಹೆಸರಿಗೆ ಬೆಲೆ ಎಷ್ಟೆಂಬುದನ್ನು ಎಂದಾದರೂ ಯೋಚಿಸಿದ್ದೀರಾ? ಕರ್ನಾಟಕ ಹಾಲು ಮಹಾಮಂಡಲವು 1985ರಲ್ಲಿ ‘ನಂದಿನಿ’ ಎಂಬ ಹೆಸರು ಹಿಡಿಯಿತು. ಬೆಂಗಳೂರಿನ ಹೊಟೆಲೊಂದು 1989ರಲ್ಲಿ ಅದೇ ಹೆಸರಿಟ್ಟುಕೊಂಡಿತು. ಇಂಗ್ಲಿಷಿನಲ್ಲಿ ನಡುವೆ ಒಂದು ‘ಎಚ್’ ಹೆಚ್ಚು, ಅಷ್ಟೇ. ಅವರ ಗುರುತು ಹಸು, ಇವರದು ದೀಪ. ತಿನಿಸುಗಳಿಗೆ ಈ ಹೆಸರನ್ನು ನೋಂದಾಯಿಸಿಕೊಳ್ಳಲು ಹೊಟೆಲಿನವರು ಹೊರಟಾಗ ಜಗಳ ಹುಟ್ಟಿ ಸುಪ್ರೀಂ ಕೋರ್ಟಿನ ಮೆಟ್ಟಿಲೇರಿತು. ಹಾಲು ಮತ್ತು ಹಾಲಿನ ಪದಾರ್ಥ ಬಿಟ್ಟು ಉಳಿದವಕ್ಕೆ ಹೊಟೆಲಿನವರು ಹೆಸರು ಪಡೆಯಬಹುದೆಂದು 2018ರ ಜುಲೈ 26ರಂದು ತೀರ್ಪಾಯಿತು.

ಜಗಳ ತಪ್ಪೆಂದು ನಾನು ಹೇಳುವುದಿಲ್ಲ. ಹೆಸರು ಕೆಟ್ಟರೆ ಗಿರಾಕಿ ಹೋಗುತ್ತಾನೆ, ಗಿರಾಕಿ ಹೋದರೆ ನಮ್ಮ ಅನ್ನವೂ ಹೋಗುತ್ತದೆ. ಆದರೆ ಆ ಹೆಸರನ್ನು ಕಟ್ಟಿದವರು ಯಾರು?

ನಮ್ಮ ದೇಶದ 1999ರ ಟ್ರೇಡ್‌ಮಾರ್ಕ್ ಕಾಯ್ದೆಯಲ್ಲಿ ಒಂದು ಒಳ್ಳೆಯ ಮಾತಿದೆ. ಒಬ್ಬನು ಮೊದಲಿನಿಂದ ಒಂದು ಹೆಸರನ್ನು ಬಳಸುತ್ತ ಬಂದಿದ್ದರೆ, ಆಮೇಲೆ ಬಂದು ನೋಂದಾಯಿಸಿಕೊಂಡವನು ಅವನನ್ನು ತಡೆಯುವಂತಿಲ್ಲ. ಬಳಕೆಗೇ ಬೆಲೆ. ಚೀನದ ರೀತಿ ಬೇರೆ. ಅಲ್ಲಿ ಮೊದಲು ಅರ್ಜಿ ಹಾಕಿದವನದೇ ಹೆಸರು. ಅಮೆರಿಕದ ಬಾಸ್ಕೆಟ್‌ಬಾಲ್ ಆಟಗಾರ ಮೈಕೆಲ್ ಜೋರ್ಡನ್‌ನ ಹೆಸರನ್ನೇ ಚೀನದ ಕಂಪೆನಿಯೊಂದು ಚೀನೀ ಅಕ್ಷರಗಳಲ್ಲಿ ನೋಂದಾಯಿಸಿಕೊಂಡು ಬೂಟು ಮಾರಿತು. ತನ್ನ ಹೆಸರಿಗಾಗಿ ಆತ ವರ್ಷಗಟ್ಟಲೆ ಕೋರ್ಟು ಅಲೆಯಬೇಕಾಯಿತು. 2016ರ ಡಿಸೆಂಬರಿನಲ್ಲಿ ಅಲ್ಲಿನ ಉನ್ನತ ನ್ಯಾಯಾಲಯವು ಅವನಿಗೆ ಅರ್ಧ ನ್ಯಾಯ ಕೊಟ್ಟಿತು: ಚೀನೀ ಅಕ್ಷರದ ಹೆಸರು ಅವನದಾಯಿತು, ರೋಮನ್ ಅಕ್ಷರದ್ದು ಕಂಪೆನಿಗೇ ಉಳಿಯಿತು. ಬಳಸುವ ಉದ್ದೇಶವಿಲ್ಲದೆ ದುರುದ್ದೇಶದಿಂದ ಹಾಕಿದ ಅರ್ಜಿಯನ್ನು ತಳ್ಳಿಹಾಕಬೇಕೆಂದು ಚೀನ 2019ರಲ್ಲಿ ತನ್ನ ಕಾಯ್ದೆಯನ್ನು ತಿದ್ದಿಕೊಂಡಿತು.

ಈಗ ನಮ್ಮ ಅಡಿಗೆಮನೆಗೆ ಬನ್ನಿ. ನಾನು ಹನ್ನೊಂದು ವರ್ಷ ದೋಸೆಕಲ್ಲಿನ ಮುಂದೆ ನಿಂತ ಹೊಟೆಲು ಒಂದು ದಿನ ಕೈ ಬದಲಾಯಿತು. ಕುರ್ಚಿ ಮೇಜಿಗೆ ಒಂದು ಬೆಲೆ, ಹೆಸರಿಗೆ ಬೇರೆ ಬೆಲೆ. ಬೋರ್ಡು ಹಾಗೆಯೇ ಉಳಿಯಿತು. “ನಿಮ್ಮ ಸೇವೆ ಇಂದಿನಿಂದ ಹೊಸದು” ಎಂದು ನಮಗೆ ಹೇಳಿದರು. ಕಾರ್ಮಿಕ ಅಧಿಕಾರಿ ಹಾಜರಿ ಪುಸ್ತಕ ಕೇಳಿದರು. ಅದರಲ್ಲಿ ಹದಿನಾಲ್ಕು ಜನರ ಪೈಕಿ ಮೂವರ ಹೆಸರಿತ್ತು. ನನ್ನದಿರಲಿಲ್ಲ.

ನೋಡಿರಿ ಈ ನ್ಯಾಯ! ಮಾಲಿಕನಿಗೆ ಕಾಗದವಿಲ್ಲದಿದ್ದರೂ ಬಳಕೆಯೇ ಸಾಕ್ಷಿ. ಹನ್ನೊಂದು ವರ್ಷ ದುಡಿದವನಿಗೆ ಕಾಗದವಿಲ್ಲದಿದ್ದರೆ ದುಡಿಮೆಯೇ ಸುಳ್ಳು. ಅವರಿಗೆ ಭಾರತದ ನ್ಯಾಯ, ನಮಗೆ ಚೀನದ ನ್ಯಾಯ!

ಕಾನೂನು ನಮ್ಮನ್ನು ಪೂರಾ ಕೈಬಿಟ್ಟಿಲ್ಲ. ಒಂದು ವರ್ಷ ತಪ್ಪದೆ ದುಡಿದವನಿಗೆ, ಮಾಲಿಕ ಬದಲಾದಾಗ, ಹಳೆಯ ಸೇವೆ ಮುಂದುವರಿಯಬೇಕು, ಇಲ್ಲವೇ ಪರಿಹಾರ ಸಿಗಬೇಕು. 1957ರಲ್ಲೇ ಕೈಗಾರಿಕಾ ವಿವಾದ ಕಾಯ್ದೆಗೆ ಸೇರಿದ ಈ ತತ್ವ 2020ರ ಕೈಗಾರಿಕಾ ಸಂಬಂಧ ಸಂಹಿತೆಯಲ್ಲೂ ಇದೆ. ಗಿರಣಿಯ ಬಂಧುಗಳಿಗೂ ಇದು ಸಲ್ಲುತ್ತದೆ. ಆದರೆ ದುಡಿದೆನೆಂದು ತೋರಿಸಲು ಪುರಾವೆ ಬೇಕಲ್ಲ!

“ಚಿಕ್ಕ ಹೊಟೆಲಿಗೆ ಇಷ್ಟೆಲ್ಲ ಲೆಕ್ಕಪತ್ರ ಎಲ್ಲಿಂದ ತರೋಣ?” ಎಂದು ಮಾಲಿಕರು ಕೇಳುತ್ತಾರೆ. ಬೋರ್ಡಿನ ಹೆಸರಿಗೆ ವಕೀಲರನ್ನು ಹಿಡಿಯಬಲ್ಲವರಿಗೆ ಹದಿನಾಲ್ಕು ಹೆಸರು ಬರೆಯಲು ಒಂದು ಪುಸ್ತಕ, ಒಂದು ಪೆನ್ನು ಭಾರವೇ?

ಆದುದರಿಂದ, ಬಂಧುಗಳೇ, ಈ ತಿಂಗಳ ಸಂಬಳದ ದಿನ ಎಲ್ಲರೂ ಕೂಡಿ ಹಾಜರಿ ಪುಸ್ತಕವನ್ನು ನೋಡಲು ಕೇಳಿರಿ. ನೇಮಕದ ಚೀಟಿ, ಪಿ.ಎಫ್. ನಂಬರು, ಇ.ಎಸ್.ಐ. ಚೀಟಿ ಕೇಳಿರಿ. ಒಬ್ಬನೇ ಕೇಳಿದರೆ ಹೊರಗೆ ಹಾಕುತ್ತಾರೆ, ಹದಿನಾಲ್ಕು ಮಂದಿ ಕೇಳಿದರೆ ಮರುದಿನ ಬೆಳಿಗ್ಗೆ ಇಡ್ಲಿ ಬೇಯಿಸುವವರಿರುವುದಿಲ್ಲ. ಕೊಡದಿದ್ದರೆ ಸಂಘಕ್ಕೆ ಬಂದು ತಿಳಿಸಿರಿ. ಬೋರ್ಡಿನ ಹೆಸರು ಮಾಲಿಕರದಾಗಿರಲಿ. ಪುಸ್ತಕದಲ್ಲಿ ನಮ್ಮ ಹೆಸರು ನಮ್ಮದಾಗಿರಲಿ.