ರಮಝಾನಿನ ರಾತ್ರಿ ಮತ್ತು ಕೂಲಿಯವನ ಹಕ್ಕು

ರಮಝಾನಿನ ಕೊನೆಯ ಹತ್ತು ರಾತ್ರಿಗಳಲ್ಲಿ ಗದಗ-ಬೆಟಗೇರಿಯ ಬಟ್ಟೆ ಅಂಗಡಿಗಳ ದೀಪ ಆರುವುದು ಬಹಳ ತಡವಾಗಿ. ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಯ ಪೇಟೆಗಳಲ್ಲೂ ಹಾಗೆಯೇ. ಒಳಗೆ ದರ್ಜಿ ಗುಂಡಿ ಹಚ್ಚುತ್ತಿರುತ್ತಾನೆ, ಹುಡುಗರು ಗಿರಾಕಿಗಳು ಕೆದರಿದ ಬಟ್ಟೆ ಮಡಚುತ್ತಿರುತ್ತಾರೆ. ಮಾಲೀಕರು ತರಾವೀಹ್ ಮುಗಿಸಿ ಮಸೀದಿಯಲ್ಲಿ ಲೈಲತುಲ್ ಕದ್ರ್ ಅರಸುತ್ತಿರುತ್ತಾರೆ. ಹುಡುಗನಿಗೆ ತರಾವೀಹ್ ತಪ್ಪಿತು, ನಿದ್ದೆಯೂ ತಪ್ಪಿತು. ಹಬ್ಬದ ಮುನ್ನಾದಿನ ಅವನ ಕೈಗೆ ಒಂದು ಸಾವಿರ ರೂಪಾಯಿ ಬರುತ್ತದೆ. ಅದಕ್ಕೆ ಈದಿ ಎಂದು ಹೆಸರು. ಆ ಹೆಸರೇ ಸುಳ್ಳು ಎಂಬುದು ನನ್ನ ವಾದ.

ಲೆಕ್ಕ ಹಾಕಿ ನೋಡೋಣ. ಆ ಹುಡುಗನ ಸಂಬಳ ತಿಂಗಳಿಗೆ 12,480 ರೂಪಾಯಿ ಎಂದಿಟ್ಟುಕೊಳ್ಳಿ. 26 ದಿನ, ದಿನಕ್ಕೆ 8 ಗಂಟೆ ಎಂದರೆ ಗಂಟೆಗೆ 60 ರೂಪಾಯಿ. ಹೆಚ್ಚುವರಿ ದುಡಿಮೆಗೆ ಎರಡು ಪಟ್ಟು ಕೊಡಬೇಕೆಂದು ಕಾನೂನು ಹೇಳುತ್ತದೆ, ಅಂದರೆ 120. ಇಪ್ಪತ್ತು ದಿನ ಎರಡೆರಡು ಗಂಟೆ ಹೆಚ್ಚು ದುಡಿದಿದ್ದರೆ 4,800 ರೂಪಾಯಿ. ಒಂದು ಸಾವಿರ ಪಡೆದು ದುಆ ಮಾಡಿ ಹೋದ ಹುಡುಗ 3,800 ರೂಪಾಯಿಯನ್ನು ಮಾಲೀಕರ ಗಲ್ಲಾಪೆಟ್ಟಿಗೆಯಲ್ಲೇ ಬಿಟ್ಟುಹೋಗಿದ್ದಾನೆ. ಇಲ್ಲಿ ದಾನ ಮಾಡಿದವರು ಯಾರು?

ಕೂಲಿಯಾಳಿನ ಬೆವರು ಆರುವ ಮೊದಲೇ ಕೂಲಿ ಕೊಡಬೇಕೆಂಬ ಪ್ರವಾದಿವಚನ ನಮ್ಮ ಮಕ್ಕಳಿಗೂ ಬಾಯಿಪಾಠ. ಬುಖಾರಿಯಲ್ಲಿ ಇನ್ನೂ ಭಯಾನಕವಾದ ಮಾತಿದೆ. ಪುನರುತ್ಥಾನ ದಿನದಂದು ಅಲ್ಲಾಹನೇ ಮೂವರ ಎದುರು ವಾದಿಯಾಗಿ ನಿಲ್ಲುವನು. ಅವರಲ್ಲೊಬ್ಬನು, ಆಳಿನಿಂದ ಪೂರ್ತಿ ಕೆಲಸ ಪಡೆದು ಕೂಲಿ ಕೊಡದವನು. ಅಳತೆಯಲ್ಲಿ ತಾವು ತುಂಬ ಪಡೆದು ಇತರರಿಗೆ ಕಡಿಮೆ ಕೊಡುವವರ ಮೇಲೆ ಕುರ್‌ಆನ್ ಒಂದು ಅಧ್ಯಾಯದ ಆರಂಭದಲ್ಲೇ ನಾಶವನ್ನು ಸಾರಿದೆ. ಗಡಿಯಾರವೂ ಒಂದು ತಕ್ಕಡಿಯೇ ಎಂದು ನಮ್ಮ ವ್ಯಾಪಾರಿಗಳಿಗೆ ಯಾಕೋ ಹೊಳೆಯುವುದಿಲ್ಲ.

"ಅಂವ ನಮ್ಮ ಮನಿ ಹುಡುಗ ಇದ್ದಂಗ, ಒಲ್ಲೆ ಅನ್ನೂದಿಲ್ಲ" ಎಂಬ ಸಮರ್ಥನೆ ಸಿದ್ಧವಾಗಿರುತ್ತದೆ. ಅಲ್-ಕಸಸ್ ಅಧ್ಯಾಯದಲ್ಲಿ ಮದ್‌ಯನ್‌ನ ವೃದ್ಧರು ಮೂಸಾ(ಅ)ರೊಂದಿಗೆ ಮಾಡಿಕೊಂಡ ಕರಾರನ್ನು ಇವರು ಓದಬೇಕು. ಮಗಳನ್ನು ವಿವಾಹ ಮಾಡಿಕೊಡಲಿದ್ದ ಮಾವನೇ ಅಲ್ಲಿ ಯಜಮಾನ. ಅದಕ್ಕಿಂತ ಮನೆಯವನು ಯಾರಿದ್ದಾನೆ? ಆದರೂ ಎಂಟು ವರ್ಷವೆಂದು ಅವಧಿ ನಿಗದಿಯಾಯಿತು. ಹತ್ತು ಪೂರೈಸುವುದಾದರೆ ಅದು ಮೂಸಾರ ಇಷ್ಟಕ್ಕೆ ಬಿಟ್ಟದ್ದು, ತಾನು ಕಷ್ಟ ಕೊಡಬಯಸುವುದಿಲ್ಲ ಎಂದು ಆ ವೃದ್ಧರು ಸ್ಪಷ್ಟಪಡಿಸಿದರು. ಕರಾರಿನ ಅವಧಿ ಬೇರೆ, ಹೆಚ್ಚಿನ ದುಡಿಮೆ ಬೇರೆ. ಎರಡನೆಯದನ್ನು ನೀಡುವ ಹಕ್ಕು ದುಡಿಯುವವನದು. ಕೆಲಸ ಕಳೆದುಕೊಳ್ಳುವ ಭಯದಲ್ಲಿ ಬಾಯಿ ಮುಚ್ಚಿಕೊಂಡವನ ಮೌನವನ್ನು ಇಷ್ಟವೆನ್ನಲಾಗದು.

ಎರಡನೆಯ ಸಮರ್ಥನೆ ಇನ್ನೂ ಕೆಟ್ಟದ್ದು: "ಅವನಿಗೆ ಝಕಾತ್ ಕೊಡುತ್ತೇವಲ್ಲ." ಆಳು ಬಡವನಾಗಿದ್ದರೆ ಝಕಾತ್ ಪಡೆಯಲು ಅರ್ಹನೇ, ಸಂದೇಹವಿಲ್ಲ. ಆದರೆ ಕೂಲಿಯ ಬಾಕಿ ಮಾಲೀಕನ ತಲೆಯ ಮೇಲಿರುವ ಸಾಲ. ಸಾಲಗಾರನು ಸಾಲಿಗನಿಗೆ ಅವನದೇ ಹಣವನ್ನು ಝಕಾತ್ ಎಂದು ಕೊಟ್ಟರೆ ಸಾಲವೂ ತೀರದು, ಝಕಾತೂ ಸಲ್ಲದು.

2020ರ ಡಿಸೆಂಬರ್ 12ರಂದು ಕೋಲಾರ ಜಿಲ್ಲೆಯ ನರಸಾಪುರದ ವಿಸ್ಟ್ರಾನ್ ಕಾರ್ಖಾನೆಯಲ್ಲಿ ಸಂಬಳದ ವಿಷಯಕ್ಕೆ ಕಾರ್ಮಿಕರು ದಾಂಧಲೆ ಎಬ್ಬಿಸಿದರು. ಗಾಜು ಒಡೆದದ್ದನ್ನು ಯಾರೂ ಸರಿಯೆನ್ನಲಾರರು. ಆದರೆ ಕೆಲವು ಕಾರ್ಮಿಕರಿಗೆ ಸರಿಯಾಗಿ, ಸಕಾಲಕ್ಕೆ ವೇತನ ಸಂದಿರಲಿಲ್ಲವೆಂದು ಕೆಲವೇ ದಿನಗಳಲ್ಲಿ ಕಂಪನಿಯೇ ಒಪ್ಪಿಕೊಂಡು ಕ್ಷಮೆ ಕೇಳಿತು. ವಿದೇಶಿ ಕಂಪನಿಯನ್ನು ಬೈಯುವುದು ಸುಲಭ. ನಮ್ಮ ಬೇಕರಿ, ಗ್ಯಾರೇಜು, ಮುದ್ರಣಾಲಯಗಳ ಹಾಜರಿ ಪುಸ್ತಕ ಎಲ್ಲಿದೆ? ಅನೇಕ ಕಡೆ ಪುಸ್ತಕವೇ ಇಲ್ಲ.

ಕಾನೂನು ಪಾಲಿಸುವುದು ಅಷ್ಟೇನೂ ಜಟಿಲವಲ್ಲ. ಬಂದ ಹೊತ್ತು, ಹೋದ ಹೊತ್ತನ್ನು ಪುಸ್ತಕದಲ್ಲಿ ಬರೆಯಬೇಕು. 2025ರ ನವೆಂಬರ್ 21ರಿಂದ ಜಾರಿಗೆ ಬಂದಿರುವ ವೇತನ ಸಂಹಿತೆಯಂತೆ ತಿಂಗಳ ಸಂಬಳ ಮುಂದಿನ ತಿಂಗಳ 7ನೇ ತಾರೀಖಿನೊಳಗೆ ಕೈಸೇರಬೇಕು. ಕೆಲಸ ಬಿಟ್ಟವನ ಬಾಕಿ ಎರಡು ಕೆಲಸದ ದಿನಗಳೊಳಗೆ. ವೇತನ ಚೀಟಿ ಕೊಡಬೇಕು. ಕನಿಷ್ಠಕ್ಕಿಂತ ಕಡಿಮೆಗೆ ಆಳೇ ಒಪ್ಪಿದ್ದರೂ ಆ ಒಪ್ಪಂದ ಅಸಿಂಧು. ಬೆಟಗೇರಿಯ ನೇಕಾರರಿಗೆ ಸೀರೆಗಿಷ್ಟು ಎಂದು ಕೂಲಿ ಕೊಡುವವರೂ, ತುಂಡುಗೂಲಿಯ ನೆಪದಲ್ಲಿ ಕನಿಷ್ಠ ವೇತನದಿಂದ ಕೆಳಗಿಳಿಯುವಂತಿಲ್ಲ. ದುಪ್ಪಟ್ಟು ಕೊಟ್ಟ ಮಾತ್ರಕ್ಕೆ ಎಷ್ಟು ಬೇಕಾದರೂ ದುಡಿಸಬಹುದೆಂದೂ ಇಲ್ಲ. ಅಂಗಡಿಗಳ ಕುರಿತು ನಮ್ಮ ರಾಜ್ಯ 1961ರಲ್ಲಿ ಮಾಡಿದ ಕಾಯ್ದೆಯೇ ದಿನಕ್ಕೆ 9, ವಾರಕ್ಕೆ 48 ಗಂಟೆಯ ಮಿತಿ ಹಾಕಿ, ಹೆಚ್ಚುವರಿ ದುಡಿಮೆಗೂ ಬೇಲಿ ಕಟ್ಟಿತು, ವಾರಕ್ಕೊಂದು ರಜೆ ಕಡ್ಡಾಯ ಮಾಡಿತು. ಸೇವಕರ ಮೇಲೆ ಅವರ ಶಕ್ತಿ ಮೀರಿದ ಭಾರ ಹೊರಿಸಬಾರದು, ಹೊರಿಸಿದರೆ ಜೊತೆಗೂಡಿ ನೆರವಾಗಬೇಕು ಎಂದು ಪ್ರವಾದಿ(ಸ) ಕಲಿಸಿದ್ದೂ ಇದನ್ನೇ ಅಲ್ಲವೇ?

ಚಿಕ್ಕ ವ್ಯಾಪಾರಕ್ಕೆ ಇದು ತಾಳಲಾರದು ಎನ್ನುವವರಿದ್ದಾರೆ. ಬಾಡಿಗೆ ತಾಳುತ್ತದೆ, ಕರೆಂಟ್ ಬಿಲ್ ತಾಳುತ್ತದೆ, ಮಗಳ ಮದುವೆಯ ಶಾಮಿಯಾನವೂ ತಾಳುತ್ತದೆ. ಕನಿಷ್ಠ ವೇತನಕ್ಕಿಂತ ಕಡಿಮೆ ಕೊಟ್ಟು ದುಡಿಸುವುದು ಬಲವಂತದ ದುಡಿಮೆಯೆಂದು ಸುಪ್ರೀಂ ಕೋರ್ಟ್ 1982ರಲ್ಲೇ ತೀರ್ಪಿತ್ತಿದೆ. ರಾತ್ರಿ ಎರಡು ಗಂಟೆ ಮೊದಲೇ ಅಂಗಡಿ ಮುಚ್ಚಿದರೆ ಗಿರಾಕಿ ಮರುದಿನ ಬರುತ್ತಾನೆ, ಹುಡುಗನಿಗೆ ತರಾವೀಹ್ ಸಿಗುತ್ತದೆ.

ಹಳೆಯ ಬಾಕಿ ಇದ್ದವರು ಶಅಬಾನ್ ತಿಂಗಳಲ್ಲೇ ಲೆಕ್ಕಕ್ಕೆ ಕೂರಲಿ. ವೇತನ ಸಂಹಿತೆಯಡಿ ದಾವೆಗೆ ಮೂರು ವರ್ಷದ ಗಡುವಿದೆ. ಅಲ್ಲಾಹನ ಬಳಿ ಅಂಥ ಗಡುವಿಲ್ಲ. ಗುಹೆಯಲ್ಲಿ ಸಿಲುಕಿದ ಮೂವರಲ್ಲೊಬ್ಬನು, ಕೂಲಿ ಬಿಟ್ಟುಹೋದ ಆಳಿನ ಧಾನ್ಯವನ್ನು ಬೆಳೆಸಿ ದನಕರುಗಳ ಹಿಂಡಾಗಿಸಿ ಅವನಿಗೇ ಒಪ್ಪಿಸಿದ್ದ. ನಮ್ಮ ಹುಡುಗರಿಗೆ ಹಿಂಡು ಬೇಡ, ಬಾಕಿ ಸಾಕು. ಅವನು ಗೋವಾಕ್ಕೆ ದುಡಿಯಲು ಹೋಗಿದ್ದರೆ ಫೋನ್ ಮಾಡಿ ಖಾತೆಗೆ ಹಾಕಿ. ತೀರಿಕೊಂಡಿದ್ದರೆ ಅವನ ವಾರಸುದಾರರ ಮನೆಗೆ ಹೋಗಿ ಕೊಟ್ಟು ಬನ್ನಿ.