ಆವರಣ ಬಿಟ್ಟರೆ ಐರಾವತವೂ ಉಚಿತ

2023ರ ಜೂನ್ 11ರಂದು ಜಾರಿಗೆ ಬಂದ, ಉಚಿತ ಬಸ್ ಪ್ರಯಾಣದ ಶಕ್ತಿ ಯೋಜನೆಯ ನಿಯಮ ಸಾರಿಗೆ ಬಸ್ಸಿನ ಕಂಡಕ್ಟರ್‌ಗಳಿಗೆ ಬಾಯಿಪಾಠ. ರಾಜ್ಯದೊಳಗೆ ಪ್ರಯಾಣಿಸುವವರು ಮಹಿಳೆ ಅಥವಾ ಲಿಂಗತ್ವ ಅಲ್ಪಸಂಖ್ಯಾತರಾಗಿರಬೇಕು, ಕರ್ನಾಟಕದ ನಿವಾಸಿಯಾಗಿರಬೇಕು, ಬಸ್ಸು ಐಷಾರಾಮಿ ಆಗಿರಬಾರದು. ಇದನ್ನೇ ಪೈಥಾನ್ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಒಂದು ಸಾಲಾಗಿಸಲು ಹೊಸ ವಿದ್ಯಾರ್ಥಿಗೆ ಹೇಳಿದರೆ ಹೀಗೆ ಬರೆದಾನು: ಮಹಿಳೆ ಆರ್ ಅಲ್ಪಸಂಖ್ಯಾತ ಆಂಡ್ ನಿವಾಸಿ ಆಂಡ್ ನಾಟ್ ಐಷಾರಾಮಿ.

ಓದುವ ಕಣ್ಣಿಗೆ ಎಲ್ಲವೂ ಸರಿ. ಆದರೆ ಯಂತ್ರ ಮೊದಲು ನಾಟ್, ಆಮೇಲೆ ಆಂಡ್, ಕೊನೆಗೆ ಆರ್ ನೋಡುತ್ತದೆ. ಹಾಗಾಗಿ ನಿವಾಸದ ಷರತ್ತೂ ಬಸ್ಸಿನ ಷರತ್ತೂ ಎರಡನೆಯ ಗುಂಪಿಗೆ ಮಾತ್ರ ಅಂಟಿಕೊಳ್ಳುತ್ತವೆ. ಚೆನ್ನೈ ನಿವಾಸಿ ಮಹಿಳೆ ಬೆಂಗಳೂರಿನಲ್ಲಿ ಐಷಾರಾಮಿ ಐರಾವತ ಬಸ್ಸು ಹತ್ತಿದರೂ ಟಿಕೆಟ್ ಸೊನ್ನೆ! ನಾಲ್ಕು ಹೌದು–ಇಲ್ಲಗಳಿಗೆ ಒಟ್ಟು 16 ಸಾಧ್ಯತೆಗಳು. ಮೊದಲೆರಡು ಪದಗಳನ್ನು ಆವರಣದೊಳಗೆ ಇಟ್ಟರೆ ಅವುಗಳಲ್ಲಿ 3ಕ್ಕೆ ಉಚಿತ, ಬಿಟ್ಟರೆ 9ಕ್ಕೆ.

ಇಂಥ ತಪ್ಪಿಗೆ ಕಂಪ್ಯೂಟರ್ ಗೊಣಗುವುದಿಲ್ಲ. ವಿರಾಮ ಚಿಹ್ನೆಯೊಂದು ಬಿಟ್ಟುಹೋದರೆ ಕೆಂಪು ಅಕ್ಷರದಲ್ಲಿ ರೇಗುವ ಯಂತ್ರ, ತರ್ಕ ತಲೆಕೆಳಗಾದರೆ ವಿಧೇಯವಾಗಿ ಉತ್ತರ ಕೊಟ್ಟು ಕೂರುತ್ತದೆ. ಇಷ್ಟಾದರೂ ಆರಂಭದ ಪ್ರೋಗ್ರಾಮಿಂಗ್ ತರಗತಿಗಳಲ್ಲಿ ಟ್ರೂ, ಫಾಲ್ಸ್, ಆಂಡ್, ಆರ್, ನಾಟ್ ಸಿಗುವುದು ಇಫ್ ಪಾಠದ ಅಂಚಿನಲ್ಲಿ. ಎರಡು ಸತ್ಯಕೋಷ್ಟಕ ಬರೆಸಿ, ಅಂಕಕ್ಕೆ ಉರುಹೊಡೆಸಿ, ಮೇಷ್ಟ್ರು ಲೂಪ್ ಕಡೆಗೆ ಧಾವಿಸುತ್ತಾರೆ. ಈ ಅವಸರವೇ ತಪ್ಪು. ಲೂಪ್ ಒಂದು ವಾರ ತಡವಾದರೆ ಆಕಾಶವೇನೂ ಕಳಚಿ ಬೀಳದು.

ರಜೆ ಗುರುತಿಸುವ ಪ್ರೋಗ್ರಾಮನ್ನೇ ನೋಡಿ. ದಿನವು ಶನಿವಾರಕ್ಕೆ ಸಮವೇ, ಆರ್ ಭಾನುವಾರ ಎಂದು ಬರೆದುಬಿಡುವವರು ಎಲ್ಲ ತರಗತಿಯಲ್ಲೂ ಸಿಗುತ್ತಾರೆ. ಮಾತಿನಲ್ಲಿ ಇದು ಸಲೀಸು. ಪೈಥಾನ್ ಮಾತ್ರ ಆರ್‌ನ ಎರಡೂ ಬದಿಗಳನ್ನು ಬೇರೆಬೇರೆಯಾಗಿ ತೂಗುತ್ತದೆ. ಖಾಲಿಯಲ್ಲದ ಯಾವ ಪಠ್ಯವೂ ಅದರ ಲೆಕ್ಕದಲ್ಲಿ ಟ್ರೂ, ಆದ್ದರಿಂದ ಭಾನುವಾರ ಎಂಬ ಒಂಟಿ ಪದವೂ ಟ್ರೂ. ವಾರದ ಏಳೂ ದಿನ ರಜೆ. ಫಾಲ್ಸ್ ಎಂಬ ಐದು ಇಂಗ್ಲಿಷ್ ಅಕ್ಷರಗಳನ್ನು ಉದ್ಧರಣ ಚಿಹ್ನೆಯೊಳಗೆ ಇಟ್ಟರೆ ಅದೂ ಟ್ರೂ ಎಂದು ತಿಳಿದಾಗ ವಿದ್ಯಾರ್ಥಿಗಳು ನಗುತ್ತಾರೆ. ನಿಜವಾದ ಪಾಠ ಶುರುವಾಗುವುದು ಆ ನಗುವಿನಿಂದ.

ಹೌದು–ಇಲ್ಲಗಳಿಗೂ ಬೀಜಗಣಿತವಿದೆ ಎಂದು ತೋರಿಸಿದ ಜಾರ್ಜ್ ಬೂಲ್ ಇಂಗ್ಲೆಂಡಿನ ಲಿಂಕನ್ ಪಟ್ಟಣದಲ್ಲಿ 1815ರಲ್ಲಿ ಹುಟ್ಟಿದ, ಬೂಟು ಹೊಲಿಯುವವನ ಮಗ. 1937ರಲ್ಲಿ ಕ್ಲಾಡ್ ಶಾನನ್ ಎಂಐಟಿಯ ಸ್ನಾತಕೋತ್ತರ ಪ್ರಬಂಧದಲ್ಲಿ ಅದೇ ಗಣಿತವನ್ನು ವಿದ್ಯುತ್ ರಿಲೇಗಳಿಗೆ ಹೊಂದಿಸಿದ. ಬೂಲ್‌ನ ಸಮಕಾಲೀನ ಡಿ ಮಾರ್ಗನ್ ಹುಟ್ಟಿದ್ದು 1806ರಲ್ಲಿ, ನಮ್ಮ ಪಕ್ಕದ ಮದುರೆಯಲ್ಲಿ. ಅವನ ಹೆಸರಿನ ನಿಯಮ ಹೊಸಬರಿಗೆ ಬೇಗ ಬೇಕಾಗುತ್ತದೆ. ‘ನಿವಾಸಿ ಆಂಡ್ ಸಾಮಾನ್ಯ ಬಸ್’ ಎಂಬುದನ್ನು ತಿರುಗಿಸಿದರೆ ‘ನಿವಾಸಿಯಲ್ಲ ಆರ್ ಸಾಮಾನ್ಯ ಬಸ್ಸಲ್ಲ’ ಎಂದಾಗಬೇಕು. ಆಂಡ್ ಕೂಡ ಆರ್ ಆಗಿ ಬದಲಾಗಬೇಕು. ಬಹಳ ಮಂದಿ ನಾಟ್ ಸೇರಿಸಿ ಆಂಡ್ ಅನ್ನು ಹಾಗೇ ಬಿಡುತ್ತಾರೆ.

ಕೋಡ್ ಬರೆಯಲು ಎಐ ಇದೆಯಲ್ಲ, ಇದೆಲ್ಲ ಯಾಕೆ ಎಂಬ ಪ್ರಶ್ನೆ ಈಗ ಸಾಮಾನ್ಯ. ಎಐ ಬರೆದ ಷರತ್ತಿನಲ್ಲಿ ಆವರಣ ತಪ್ಪಿದ್ದರೆ ಹಿಡಿಯಬೇಕಾದವರು ಮನುಷ್ಯರೇ. ಬರೆಯುವ ಕೆಲಸ ಕಡಿಮೆಯಾದಷ್ಟೂ ಓದಿ ಪರೀಕ್ಷಿಸುವ ಕೆಲಸ ಹೆಚ್ಚುತ್ತದೆ. ಮಕ್ಕಳ ಪ್ರೋಗ್ರಾಮಿಂಗ್ ಭಾಷೆ ಸ್ಕ್ರ್ಯಾಚ್‌ನಲ್ಲಿ ಹೌದು–ಇಲ್ಲಗಳಿಗೆಂದೇ ಆರು ಮೂಲೆಯ ಬ್ಲಾಕುಗಳಿವೆ; ಅಭ್ಯಾಸ ಅಲ್ಲಿಂದಲೇ ಶುರುವಾಗಬಹುದು.

ಪರೀಕ್ಷೆಯೂ ಬದಲಾಗಲಿ. ಕೋಷ್ಟಕ ತುಂಬಿಸುವ ಬದಲು ತಪ್ಪು ಷರತ್ತೊಂದನ್ನು ಕೊಟ್ಟು, ಅದನ್ನು ಕೆಡವುವ ಒಂದೇ ಒಂದು ಉದಾಹರಣೆ ಕೇಳಲಿ. ‘ನಾಲ್ಕರಿಂದ ಭಾಗವಾದರೆ ಅಧಿಕ ವರ್ಷ’ ಎಂಬ ಅರೆಬರೆ ನಿಯಮಕ್ಕೆ 1900 ಸಾಕು. ನೂರರಿಂದ ಭಾಗವಾಗಿ ನಾನೂರರಿಂದ ಆಗದ ಕಾರಣ ಅದು ಅಧಿಕ ವರ್ಷವಲ್ಲ, 2000 ಹೌದು. ಲೋಟಸ್ 1-2-3 ತಂತ್ರಾಂಶ 1900ನ್ನು ಅಧಿಕ ವರ್ಷವೆಂದೇ ಎಣಿಸಿತ್ತು. ಅದರ ಕಡತಗಳಿಗೆ ಹೊಂದಿಕೊಳ್ಳಲೆಂದು ಮೈಕ್ರೋಸಾಫ್ಟ್ ಎಕ್ಸೆಲ್ ಕೂಡ ಅದೇ ಲೆಕ್ಕ ಹಿಡಿಯಿತು. ಎಂದೂ ಬಾರದ 1900ರ ಫೆಬ್ರುವರಿ 29 ಎಕ್ಸೆಲ್‌ನಲ್ಲಿ ಇಂದಿಗೂ ಸಿಂಧು ದಿನಾಂಕ.