ಅಲಿನಾ, ಟೈಸನ್ನಾ? ಪ್ರಶ್ನೆಯಲ್ಲೇ ಎಡವಟ್ಟು

ಇಂಟರ್ನಲ್ಸ್ ಮುಗಿದ ರಾತ್ರಿ ನಮ್ಮ ಹಾಸ್ಟೆಲ್ ರೂಮಲ್ಲಿ ಜಗಳ ಶುರುವಾಯ್ತು. ಮುಹಮ್ಮದ್ ಅಲಿ, ಮೈಕ್ ಟೈಸನ್ ಇಬ್ಬರೂ ಬೆಸ್ಟ್ ಫಾರ್ಮ್‌ನಲ್ಲಿ ಎದುರಾದರೆ ಗೆಲ್ಲೋದು ಯಾರು? "ಅಲಿ ಕಾಲು ನೋಡೋ, ಟೈಸನ್ ಕೈಗೆ ಸಿಗೋದೇ ಇಲ್ಲ" ಅಂದ ರೂಮ್‌ಮೇಟ್. ನಾನು ಟೈಸನ್ ಪಾರ್ಟಿ. "ಮಗಾ, 1981ರಲ್ಲಿ ಅಲಿಯನ್ನ ಟ್ರೆವರ್ ಬರ್ಬಿಕ್ ಸೋಲಿಸಿದ. ಅದೇ ಬರ್ಬಿಕ್‌ನ 1986ರಲ್ಲಿ ಟೈಸನ್ ಎರಡೇ ರೌಂಡಲ್ಲಿ ಮುಗಿಸಿದ. ಲೆಕ್ಕ ಸರಿಹೋಯ್ತಲ್ಲ!" ಅಂದೆ. ಬರ್ಬಿಕ್ ಎದುರು ಆಡುವಾಗ ಅಲಿಗೆ 39 ವರ್ಷ, ಟೈಸನ್‌ಗೆ 20. ಅದನ್ನ ನಾನು ಬೇಕಂತಲೇ ಹೇಳಲಿಲ್ಲ.

ಮಾರನೇ ದಿನ ನಾಚಿಕೆಯಾಗಿ ಒಂದಿಷ್ಟು ಓದಿದೆ. ಈ ಜಗಳ ಹೊಸದೇನಲ್ಲ. 1969ರಲ್ಲೇ ಅಮೆರಿಕದ ರೇಡಿಯೋ ನಿರ್ಮಾಪಕ ಮರ್ರಿ ವೊರೋನರ್ ಇದನ್ನು ಕಂಪ್ಯೂಟರ್ ಕೈಗೆ ಒಪ್ಪಿಸಿದ್ದ. 49 ಪಂದ್ಯಗಳಲ್ಲಿ ಒಂದನ್ನೂ ಸೋಲದೆ ನಿವೃತ್ತನಾಗಿದ್ದ ರಾಕಿ ಮಾರ್ಸಿಯಾನೋ ಮತ್ತು ಅಲಿ ಇಬ್ಬರನ್ನೂ ರಿಂಗಿಗೆ ಕರೆಸಿ, ಹಲವು ಕ್ಲೈಮ್ಯಾಕ್ಸ್‌ಗಳನ್ನು ಶೂಟ್ ಮಾಡಿದರು. 1970ರ ಜನವರಿಯಲ್ಲಿ ಅಮೆರಿಕದ ಥಿಯೇಟರುಗಳಲ್ಲಿ ತೀರ್ಪು ಬಂತು: 13ನೇ ರೌಂಡಿನಲ್ಲಿ ಮಾರ್ಸಿಯಾನೋಗೆ ನಾಕೌಟ್ ಗೆಲುವು. ಅದನ್ನು ನೋಡೋಕೆ ಅವನೇ ಇರಲಿಲ್ಲ. ಹಿಂದಿನ ಆಗಸ್ಟ್‌ನಲ್ಲಿ ವಿಮಾನ ಅಪಘಾತದಲ್ಲಿ ತೀರಿಕೊಂಡಿದ್ದ.

ಪ್ರೋಗ್ರಾಮಿಂಗ್ ಲ್ಯಾಬಲ್ಲಿ ಒದ್ದಾಡೋ ನಮಗೆ ಇದು ಗೊತ್ತಿರೋದೇ. ಒಳಗೆ ಏನು ಹಾಕ್ತೀವೋ ಅದೇ ಹೊರಗೆ ಬರುತ್ತೆ. ವೇಗಕ್ಕೆ ಇಷ್ಟು, ಪಂಚ್‌ಗೆ ಇಷ್ಟು ಅಂತ ಯಾರೋ ಅಂಕ ಹಾಕಲೇಬೇಕು. ಆ ಅಂಕದೊಳಗೆ ಅವರ ಅಭಿಪ್ರಾಯವೇ ಕೂತಿರುತ್ತೆ.

ನನ್ನ ಪ್ರಕಾರ ನಾವು ಎರಡು ಪ್ರಶ್ನೆಗಳನ್ನು ಕಲಸುಮೇಲೋಗರ ಮಾಡ್ತಿದ್ದೀವಿ. "ಯಾರು ಗೆಲ್ತಿದ್ರು?" ಅನ್ನೋದು ಒಂದು. "ಯಾರು ದೊಡ್ಡವರು?" ಅನ್ನೋದು ಇನ್ನೊಂದು.

ಮೊದಲನೆಯದರಲ್ಲಿ ಹೊಸಬರಿಗೇ ಲಾಭ. ಮಾರ್ಸಿಯಾನೋ ತೂಕ ಸುಮಾರು 85 ಕೆಜಿ. ಇವತ್ತಾಗಿದ್ದರೆ ಅವನು 90.7 ಕೆಜಿ ಮಿತಿಯ ಕ್ರೂಸರ್‌ವೇಟ್ ವರ್ಗಕ್ಕೆ ಸೇರ್ತಿದ್ದ. 6 ಅಡಿ 9 ಇಂಚಿನ ಟೈಸನ್ ಫ್ಯೂರಿ ಮುಂದೆ ಅವನನ್ನು ನಿಲ್ಲಿಸೋದು ಯಾವ ನ್ಯಾಯ? ನಿಯಮವೂ ಬೇರೆ. ಆಗ ಟೈಟಲ್ ಪಂದ್ಯಕ್ಕೆ 15 ರೌಂಡ್, ಈಗ 12.

ಎರಡನೆಯದು ರಿಲೇಟಿವ್ ಗ್ರೇಡಿಂಗ್ ಇದ್ದ ಹಾಗೆ. "ನಮ್ಮ ಕಾಲದಲ್ಲಿ ಫಸ್ಟ್ ಕ್ಲಾಸ್ ಬರೋದೇ ದೊಡ್ಡದು" ಅಂತ ಅಪ್ಪ ಹೇಳ್ತಾರಲ್ಲ, ಅದು ಸುಳ್ಳಲ್ಲ. ಅವರ ಅಂಕವನ್ನು ಅವರ ಕ್ಲಾಸಿನ ಜೊತೆ ಇಟ್ಟು ನೋಡಬೇಕು. ಬಾಕ್ಸಿಂಗಿಗೂ ನಾನು ಎರಡೇ ಪರೀಕ್ಷೆ ಇಡ್ತೀನಿ: ತನ್ನ ಕಾಲದ ಬಲಿಷ್ಠರ ಜೊತೆ ಆಡಿದನಾ? ಸೋಲಿಸಿದವರನ್ನು ತಿರುಗಿ ಸೋಲಿಸಿದನಾ?

ಜಾಕ್ ಡೆಂಪ್ಸಿ 1919ರಿಂದ 1926ರವರೆಗೆ ಚಾಂಪಿಯನ್. ಆದರೆ ಕಪ್ಪು ಬಾಕ್ಸರ್ ಹ್ಯಾರಿ ವಿಲ್ಸ್‌ಗೆ ಆ ಅವಕಾಶ ಸಿಗಲೇ ಇಲ್ಲ. ವರ್ಣಭೇದದ ಕಾಲ ಅದು. ಆಡದ ಪಂದ್ಯಗಳನ್ನೂ ಲೆಕ್ಕಕ್ಕೆ ತಗೋಬೇಕು. ಜೋ ಲೂಯಿಸ್ 1936ರಲ್ಲಿ ಮ್ಯಾಕ್ಸ್ ಶ್ಮೆಲಿಂಗ್ ಕೈಲಿ ಸೋತ. 1938ರಲ್ಲಿ ಮೊದಲ ರೌಂಡಲ್ಲೇ ಸೇಡು ತೀರಿಸ್ಕೊಂಡ. ಚಾಂಪಿಯನ್ ಪಟ್ಟವನ್ನು 25 ಸಲ ಉಳಿಸಿಕೊಂಡ.

ಅಲಿ? ವಿಯೆಟ್ನಾಂ ಯುದ್ಧದ ಸಮಯದಲ್ಲಿ ಸೇನೆ ಸೇರಲ್ಲ ಅಂದಿದ್ದಕ್ಕೆ 1967ರಲ್ಲಿ ಪಟ್ಟ ಕಿತ್ಕೊಂಡರು. ಮೂರು ವರ್ಷಕ್ಕೂ ಹೆಚ್ಚು ಕಾಲ ರಿಂಗಿನಿಂದ ದೂರ. ವಾಪಸ್ ಬಂದು ಫ್ರೇಜಿಯರ್, ನಾರ್ಟನ್ ಇಬ್ಬರ ಕೈಲೂ ಸೋತ, ಇಬ್ಬರನ್ನೂ ಆಮೇಲೆ ಎರಡೆರಡು ಸಲ ಸೋಲಿಸಿದ. ಆ ಫ್ರೇಜಿಯರ್‌ನ ಎರಡು ರೌಂಡಲ್ಲಿ ಆರು ಸಲ ನೆಲಕ್ಕೆ ಕೆಡವಿದ್ದ ಜಾರ್ಜ್ ಫೋರ್‌ಮನ್‌ನನ್ನು 1974ರಲ್ಲಿ ಕಿನ್ಶಾಸಾದಲ್ಲಿ ನಾಕೌಟ್ ಮಾಡಿದ.

ಟೈಸನ್ 20ನೇ ವಯಸ್ಸಿಗೇ ಚಾಂಪಿಯನ್. ಆ ಮೊದಲ ವರ್ಷಗಳ ಟೈಸನ್ ಅಂದ್ರೆ ನಂಗೆ ಈಗಲೂ ಮೈ ಜುಮ್ ಅನ್ನುತ್ತೆ. ಆದರೆ 1990ರಲ್ಲಿ ಟೋಕಿಯೋದಲ್ಲಿ ಬಸ್ಟರ್ ಡಗ್ಲಾಸ್ ಕೆಡವಿದ ಮೇಲೆ ಅವರಿಬ್ಬರೂ ಮತ್ತೆ ಆಡಲೇ ಇಲ್ಲ. ಹೋಲಿಫೀಲ್ಡ್ ಎದುರು ಎರಡು ಸಲವೂ ಸೋತ. ರೀಲ್ಸಲ್ಲಿ ಇದ್ಯಾವುದೂ ಬರಲ್ಲ.

ಹಾಗಾಗಿ ನಾನು ಪಾರ್ಟಿ ಬದಲಿಸಿದ್ದೀನಿ. ರೂಮ್‌ಮೇಟ್‌ಗೆ ಇನ್ನೂ ಹೇಳಿಲ್ಲ, ಇದನ್ನ ಓದಿ ಕುಣಿದಾಡ್ತಾನೆ ಬಿಡಿ. ಆದರೆ ಮಗಾ, ನಿನ್ನ ಉತ್ತರ ಸರಿ, ಕೊಟ್ಟ ಕಾರಣ ತಪ್ಪು. ಅಲಿ ದೊಡ್ಡವನಾಗಿದ್ದು ಬರೀ ಕಾಲಿನಿಂದಲ್ಲ. ಫೋರ್‌ಮನ್ ಎದುರು ಅವನು ಹೆಚ್ಚು ಹೊತ್ತು ಓಡಾಡಲೇ ಇಲ್ಲ, ಹಗ್ಗಕ್ಕೆ ಒರಗಿ ಏಟು ತಿಂದು ಗೆದ್ದ.